ಇಪ್ಪತ್ತನಾಲ್ಕು ಆಸನಗಳ ರಾಜ್ಯ

ದೊಡ್ಡ ರಾಜ್ಯದ ರಾಜಕಾರಣವನ್ನು ನಾವು ಬಹುದೂರದಿಂದ ನೋಡುವವರು. ಅಲ್ಲಿ ಒಬ್ಬನು ಹೇಗೆ ಮೇಲೇರಿದನು, ಅವನನ್ನು ಯಾರು ತಡೆದರು, ಯಾವ ಗಳಿಗೆಯಲ್ಲಿ ಯಾರು ಕೈಬಿಟ್ಟರು ಎಂಬುದೆಲ್ಲ ನಮ್ಮ ಕಿವಿಗೆ ಬೀಳುವ ವೇಳೆಗೆ ವಾರ್ತೆಯಾಗಿ ಗಟ್ಟಿಗೊಂಡಿರುತ್ತದೆ. ಅದರ ಹಿಂದಿನ ಅಳುಕು, ಆಸೆ, ಲೆಕ್ಕಾಚಾರ, ಪಶ್ಚಾತ್ತಾಪಗಳು ನಮಗೆ ಗೋಚರಿಸುವುದಿಲ್ಲ. ಕೊಡಗಿನ ಬಾಳೆಲೆ ಎಂಬ ಊರಿನಲ್ಲಿ ಸಮಾಜವಿಜ್ಞಾನದ ಅಧ್ಯಾಪಕನಾಗಿ ಜೀವಮಾನವನ್ನು ಕಳೆದ ನನಗೆ ಅಧಿಕಾರವೆಂಬುದರ ನಿಜಸ್ವರೂಪವು ಅಷ್ಟಿಷ್ಟಾದರೂ ತಿಳಿದುಬಂದದ್ದು ಗ್ರಂಥಗಳಿಂದಲ್ಲ, ಚುನಾವಣೆಯ ಸಭೆಗಳಿಂದಲೂ ಅಲ್ಲ. ಆಷಾಢದ ಮಳೆ ಹೆಂಚಿನ ಮೇಲೆ ಸುರಿಯುತ್ತಿರುವಾಗ ಹೈಸ್ಕೂಲಿನ ಮಕ್ಕಳು ನಡೆಸುತ್ತಿದ್ದ ಒಂದು ಅಣಕು ವಿಧಾನಸಭೆಯಿಂದ.

ಶಾಲೆಗಳಲ್ಲಿ ಯುವ ಸಂಸತ್ತನ್ನು ನಡೆಸುವ ಪದ್ಧತಿ ನಮ್ಮ ದೇಶಕ್ಕೆ ಹೊಸದೇನಲ್ಲ. 1962ರಲ್ಲಿ ಮುಂಬಯಿಯಲ್ಲಿ ಸೇರಿದ ಅಖಿಲ ಭಾರತ ಸಚೇತಕರ ಸಮ್ಮೇಳನವು ಅದನ್ನು ಶಿಫಾರಸು ಮಾಡಿತು. 1966-67ರಲ್ಲಿ ದೆಹಲಿಯ ಶಾಲೆಗಳಲ್ಲಿ ಅದರ ಸ್ಪರ್ಧೆ ಮೊದಲಾಯಿತು. ಆದರೆ ಸ್ಪರ್ಧೆಗೆಂದು ನಡೆಯುವ ಸಂಸತ್ತಿನಲ್ಲಿ ಎಲ್ಲವೂ ಮೊದಲೇ ಬರೆದಿಟ್ಟದ್ದಾಗಿರುತ್ತದೆ: ಪ್ರಶ್ನೆ ಕೇಳುವವನಿಗೆ ಉತ್ತರವೂ ಗೊತ್ತು, ಪ್ರತಿಭಟಿಸಿ ಹೊರನಡೆಯುವವನಿಗೆ ಯಾವ ವಾಕ್ಯದ ಬಳಿಕ ಏಳಬೇಕೆಂಬುದೂ ಗೊತ್ತು. ಅಲ್ಲಿ ಸೋಲೂ ಇಲ್ಲ, ಗೆಲುವೂ ಇಲ್ಲ. ಮಕ್ಕಳಿಗೆ ಬೇರೊಂದು ರಾಜ್ಯ ಬೇಕು, ಅದು ಅವರ ಮನೆಯಂಗಳದ್ದೇ ಆಗಿರಬೇಕು, ಅದರ ಗತಿ ಅವರ ಕೈಯಲ್ಲೇ ಇರಬೇಕು ಎಂದು ನನಗೆ ತೋರಿತು. ಅಂತಹ ರಾಜ್ಯವನ್ನು ಕಲ್ಪಿಸಿಕೊಳ್ಳುವ ಅಗತ್ಯವೇ ನಮಗಿರಲಿಲ್ಲ. ಅದು ನಮ್ಮಲ್ಲಿ ನಿಜವಾಗಿಯೂ ಇತ್ತು, ಇದ್ದು ಅಳಿದಿತ್ತು.

ಇಂದಿನ ಮಕ್ಕಳಲ್ಲಿ ಅನೇಕರಿಗೆ ತಿಳಿಯದ ಸಂಗತಿಯೆಂದರೆ ಕೊಡಗು ಒಂದು ಕಾಲಕ್ಕೆ ತನ್ನದೇ ಮುಖ್ಯಮಂತ್ರಿಯನ್ನು ಹೊಂದಿದ್ದ ರಾಜ್ಯವಾಗಿತ್ತು ಎಂಬುದು. 1834ರಲ್ಲಿ ಇಂಗ್ಲಿಷರ ವಶವಾದ ಈ ನಾಡು ಚೀಫ್ ಕಮಿಷನರರ ಆಡಳಿತವನ್ನು ಕಂಡಿತು. 1924ರಲ್ಲಿ ಅದಕ್ಕೊಂದು ಶಾಸನ ಪರಿಷತ್ತು ಬಂದಿತು. ಸ್ವಾತಂತ್ರ್ಯಾನಂತರ ‘ಸಿ’ ವರ್ಗದ ರಾಜ್ಯಗಳಲ್ಲಿ ಒಂದಾಗಿ, 1952ರ ಮಹಾಚುನಾವಣೆಯಲ್ಲಿ ಇಪ್ಪತ್ತನಾಲ್ಕು ಸದಸ್ಯರ ವಿಧಾನಸಭೆಯನ್ನು ಆರಿಸಿಕೊಂಡಿತು. 1951ರ ಜನಗಣತಿಯ ಪ್ರಕಾರ ಇಡೀ ರಾಜ್ಯದ ಜನಸಂಖ್ಯೆ ಸುಮಾರು 2.29 ಲಕ್ಷ. ಕಾಂಗ್ರೆಸ್ಸಿಗೆ 15 ಸ್ಥಾನಗಳು, ವಿರೋಧಿಗಳಿಗೆ 9. ಚೆಪ್ಪುಡಿರ ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾದರು, ಕುಟ್ಟೂರು ಮಲ್ಲಪ್ಪನವರು ಇನ್ನೊಬ್ಬ ಮಂತ್ರಿ, ಮಂತ್ರಿಮಂಡಲವೆಂದರೆ ಇಷ್ಟೇ. ಎದುರಿನಲ್ಲಿ ನಿಂತದ್ದು ತಕ್ಕಡಿಯ ಚಿಹ್ನೆಯಿಂದಲೇ ತಕ್ಕಡಿ ಪಕ್ಷವೆಂದು ಹೆಸರಾದ ಗುಂಪು. ಅದರ ನಾಯಕರು ಪತ್ರಕರ್ತರೂ ಗಾಂಧೀವಾದಿಗಳೂ ಆದ, ಜನರು ಕೊಡಗಿನ ಗಾಂಧಿಯೆಂದೇ ಕರೆಯುತ್ತಿದ್ದ ಪಂದ್ಯಂಡ ಬೆಳ್ಯಪ್ಪನವರು. ಕಾಂಗ್ರೆಸ್ ಪಕ್ಷವು ಮೈಸೂರಿನೊಡನೆ ವಿಲೀನವಾಗಬೇಕೆಂದಿತು. ತಕ್ಕಡಿ ಪಕ್ಷವು ಕೂಡದೆಂದಿತು. ಇಬ್ಬರು ನಾಯಕರೂ ಸ್ವಾತಂತ್ರ್ಯ ಚಳವಳಿಯ ಕುಲುಮೆಯಿಂದ ಬಂದವರೇ ಎಂಬುದನ್ನು ನೆನೆದರೆ ಈ ಪ್ರತಿಸ್ಪರ್ಧೆಯ ಗಾಂಭೀರ್ಯ ಮನಸ್ಸಿಗೆ ಹೊಳೆಯುತ್ತದೆ. ಇಲ್ಲಿ ಒಬ್ಬನು ದೇಶಭಕ್ತ, ಇನ್ನೊಬ್ಬನು ದ್ರೋಹಿ ಎಂದು ಗೆರೆ ಎಳೆದು ಸುಲಭವಾಗಿ ಪಾರಾಗುವಂತಿರಲಿಲ್ಲ.

ಈ ಸಭೆಯನ್ನೇ ನಾವು ತರಗತಿಯಲ್ಲಿ ಮರಳಿ ಕಟ್ಟಿದೆವು. ಹೆಸರುಗಳನ್ನು ಬಳಸಲಿಲ್ಲ, ಯಾರೂ ಪೂಣಚ್ಚನವರ ಪಾತ್ರವನ್ನಾಗಲಿ ಬೆಳ್ಯಪ್ಪನವರ ಪಾತ್ರವನ್ನಾಗಲಿ ಅಭಿನಯಿಸಲಿಲ್ಲ. ಚೌಕಟ್ಟು ಮಾತ್ರ ಆ ಕಾಲದ್ದು. ಇಪ್ಪತ್ತನಾಲ್ಕು ಆಸನಗಳು, ಚೀಟಿಯ ಮೂಲಕ ಗುಪ್ತ ಮತದಾನ, ಇಬ್ಬರೇ ಮಂತ್ರಿಗಳು, ಒಬ್ಬ ಸಭಾಧ್ಯಕ್ಷ, ಕೈಯಿಂದಲೇ ಬರೆಯುವ ನಡಾವಳಿ ಪುಸ್ತಕ. ಉಳಿದ ಮಕ್ಕಳು ಮತದಾರರು. ಒಮ್ಮೆ ಆಯ್ಕೆಯಾದ ಸಭೆ ಒಂದು ಶಾಲಾವರ್ಷ ಬದುಕಿರುತ್ತಿತ್ತು, ಬಹುಮತ ತಪ್ಪಿದರೆ ಸರ್ಕಾರ ಬೀಳುತ್ತಿತ್ತು, ಅದನ್ನು ಎತ್ತಿ ನಿಲ್ಲಿಸುವುದಕ್ಕೆ ಮೇಷ್ಟ್ರು ಬರುತ್ತಿರಲಿಲ್ಲ.

ಹದಿನೈದಕ್ಕೆ ಒಂಬತ್ತು ಎಂದರೆ ಕೇಳುವವರಿಗೆ ಭದ್ರವಾದ ಬಹುಮತ. ಆದರೆ ಆಳುವ ಪಕ್ಷದವನೊಬ್ಬನು ಸಭಾಧ್ಯಕ್ಷನಾಗಿ ಪೀಠವೇರಿದ ಕೂಡಲೇ ಅದು ಹದಿನಾಲ್ಕಕ್ಕಿಳಿಯುತ್ತದೆ. ಅವರಲ್ಲಿ ಮೂವರು ಮುನಿಸಿಕೊಂಡು ಎದ್ದು ಹೋಗಿ ಎದುರು ಕುಳಿತರೆ ಹನ್ನೊಂದಕ್ಕೆ ಹನ್ನೆರಡು, ಸರ್ಕಾರ ಬಿದ್ದಂತೆಯೇ. ನಾನು ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದ್ದಲ್ಲ. ಹದಿನಾಲ್ಕು ವರ್ಷದ ಒಬ್ಬ ಹುಡುಗ ಕಂಡುಹಿಡಿದು ತನ್ನ ಪಕ್ಕದವನ ಕಿವಿಯಲ್ಲಿ ಉಸುರಿದ್ದು. ಅಂದಿನಿಂದ ಆ ಸಭೆಯ ಗಾಳಿಯೇ ಬದಲಾಯಿತು. ಪ್ರತಿಯೊಬ್ಬ ಸದಸ್ಯನೂ ತಾನು ಬೇಕಾದವನೆಂದು ಅರಿತನು. ದೊಡ್ಡ ಸಭೆಗಳಲ್ಲಿ ಹಿಂದಿನ ಸಾಲಿನ ಸದಸ್ಯನೆಂಬ ಒಂದು ನಿರ್ಲಕ್ಷಿತ ವರ್ಗವಿರುತ್ತದೆ. ಇಪ್ಪತ್ತನಾಲ್ವರ ಸಭೆಯಲ್ಲಿ ಹಿಂದಿನ ಸಾಲೇ ಇಲ್ಲ.

ಆ ಲೆಕ್ಕವನ್ನು ಕಂಡುಹಿಡಿದ ಹುಡುಗನ ಏಳಿಗೆಯನ್ನು ನಾನು ಹತ್ತಿರದಿಂದ ನೋಡಿದೆನು. ಅವನು ಲಕ್ಷ್ಮಣತೀರ್ಥದ ಆಚೆಯ ದಂಡೆಯವನು; ಮಾತಿನಲ್ಲಿ ಚುರುಕಲ್ಲ, ಎದ್ದು ನಿಂತರೆ ಮೊದಲ ವಾಕ್ಯ ಮುಗಿಯುವ ಮುನ್ನ ಕೊರಳು ಕಟ್ಟುತ್ತಿತ್ತು. ಆದರೆ ಅವನ ಬಳಿ ರಟ್ಟು ಹರಿದ ಒಂದು ನೋಟುಪುಸ್ತಕವಿತ್ತು. ಅದರಲ್ಲಿ ಸದಸ್ಯನೊಬ್ಬನಿಗೆ ಒಂದು ಪುಟ; ಪುಟದ ಎಡಗಡೆ ಆ ಸದಸ್ಯನ ಕ್ಷೇತ್ರಕ್ಕೆ ಬೇಕಾದದ್ದು, ಬಲಗಡೆ ಅವನು ಯಾರ ಮೇಲೆ ಯಾವ ಕಾರಣಕ್ಕೆ ಮುನಿದಿದ್ದಾನೆ ಎಂಬುದು. ನಾಗರಹೊಳೆಯ ಕಾಡಂಚಿನಿಂದ ಬರುವ ಹುಡುಗಿಗೆ ಆನೆಯ ಕಂದಕ ಬೇಕು, ಗದ್ದೆಯ ಬದಿಯವನಿಗೆ ತೋಡಿನ ಕಟ್ಟೆ, ತೋಟದ ಲೈನ್‌ಮನೆಯಿಂದ ಬರುವವನಿಗೆ ಸಂಜೆಯ ಬಸ್ಸು. ಅವನು ಭಾಷಣ ಮಾಡಿ ಯಾರನ್ನೂ ಒಲಿಸಿಕೊಳ್ಳಲಿಲ್ಲ. ಊಟದ ವಿರಾಮದಲ್ಲಿ ಪಕ್ಕದಲ್ಲಿ ಕುಳಿತು ಕೇಳಿದನು, ಬರೆದುಕೊಂಡನು, ಮರುವಾರ ಆ ವಿಷಯವನ್ನು ಆ ಸದಸ್ಯನ ಹೆಸರಿನಲ್ಲಿಯೇ ಸಭೆಯ ಮುಂದೆ ತರಿಸಿದನು. ಕೀರ್ತಿಯನ್ನು ಬಿಟ್ಟುಕೊಟ್ಟವನ ಕೈಗೆ ಮತಗಳು ತಾವಾಗಿ ಬಂದು ಸೇರಿದವು, ಅವನೇ ಮುಖ್ಯಮಂತ್ರಿಯಾದನು. ವಾಗ್ವೈಖರಿಯೇ ನಾಯಕತ್ವದ ಮೂಲವೆಂದು ನಾನು ಎಷ್ಟೋ ವರ್ಷ ಪಾಠ ಹೇಳಿದ್ದುಂಟು. ಈ ಬಾಲಕನನ್ನು ಕಂಡ ಮೇಲೆ, ನೆನಪು ಮತ್ತು ಆಲಿಸುವ ತಾಳ್ಮೆಗಳು ಅದಕ್ಕಿಂತ ಮೊದಲಿನವು ಎಂದು ಹೇಳತೊಡಗಿದೆನು.

ಅವನ ಪ್ರತಿಸ್ಪರ್ಧಿ ಎಲ್ಲ ವಿಧದಲ್ಲಿಯೂ ಅವನಿಗೆ ವಿರುದ್ಧ ಸ್ವಭಾವದವಳು. ದೊಡ್ಡ ಒಕ್ಕದ, ಎಂದರೆ ಮನೆತನದ, ಮಗಳು. ಅಜ್ಜ ಊರಿನ ಮುಖಂಡರಾದ ತಕ್ಕರಾಗಿದ್ದವರು. ಊರವರು ಸೇರುವ ಬಯಲಾದ ಮಂದಿನಲ್ಲಿ ಹಿರಿಯರು ಮಾತಾಡುವುದನ್ನು ಕೇಳಿ ಬೆಳೆದವಳಾದ್ದರಿಂದ ಮಾತು ಎಲ್ಲಿ ನಿಲ್ಲಬೇಕು ಎಂಬುದು ಅವಳಿಗೆ ಹುಟ್ಟಿನಿಂದಲೇ ಗೊತ್ತಿತ್ತು. ತನ್ನ ಪಕ್ಷಕ್ಕೆ ತಕ್ಕಡಿಯನ್ನೇ ಆರಿಸಿಕೊಂಡು, ಇದ್ದಿಲಿನಿಂದ ಅದರ ಚಿತ್ರವನ್ನು ರಟ್ಟಿನ ಮೇಲೆ ತಾನೇ ಬರೆದು, ಕಾರಿಡಾರಿನ ಕಂಬಕ್ಕೆ ಕಟ್ಟಿದವಳು ಅವಳು. ಅವಳು ಎದ್ದು ನಿಂತಾಗ ಆಳುವ ಪಕ್ಷದವರೂ ಕಿವಿಗೊಡುತ್ತಿದ್ದರು. ಆದರೂ ಚುನಾವಣೆಯಲ್ಲಿ ಅವಳಿಗೆ ದಕ್ಕಿದ್ದು ಒಂಬತ್ತೇ ಸ್ಥಾನ. ಇತಿಹಾಸದ ಸಂಖ್ಯೆ ತಾನಾಗಿ ಮರುಕಳಿಸಿದಾಗ ನನಗೇ ರೋಮಾಂಚವಾಯಿತು.

ಆಯವ್ಯಯದ ದಿನ ಸರ್ಕಾರಕ್ಕೆ ಕಂಟಕ ಬಂದಿತು. ಮುಖ್ಯಮಂತ್ರಿಯ ಪಕ್ಷದ ಮೂವರು ಕಂದಕಕ್ಕೆ ಹಣ ಸಾಲದೆಂದು ಮುನಿದು, ಮಂತ್ರಿ ಪದವಿ ಕೊಡದಿದ್ದರೆ ಆಚೆ ಕುಳಿತುಕೊಳ್ಳುವೆವೆಂದು ತಿಳಿಸಿದರು. ದೊಡ್ಡ ರಾಜ್ಯವಾಗಿದ್ದರೆ ಒಂದು ಖಾತೆಯನ್ನು ಎರಡಾಗಿ ಒಡೆದು ಬಾಯಿ ಮುಚ್ಚಿಸಬಹುದಾಗಿತ್ತು. ಇಬ್ಬರೇ ಮಂತ್ರಿಗಳಿರುವ ರಾಜ್ಯದಲ್ಲಿ ಹಂಚುವುದಕ್ಕೆ ಪದವಿಯಾದರೂ ಎಲ್ಲಿದೆ? ಆ ಹುಡುಗ ಒಂದು ದಿನದ ಕಾಲಾವಕಾಶ ಬೇಡಿ ನೇರವಾಗಿ ವಿರೋಧ ಪಕ್ಷದ ನಾಯಕಿಯ ಬಳಿಗೆ ಹೋದನು. ಕಂದಕದ ಬಗ್ಗೆ ಅವಳು ಮೊದಲೇ ಒಂದು ತಿದ್ದುಪಡಿಯನ್ನು ಕೊಟ್ಟಿದ್ದಳು. ಅದನ್ನು ಅಕ್ಷರಶಃ ಒಪ್ಪಿಕೊಳ್ಳುವೆನೆಂದು ಅವನೆಂದನು. ಅವಳ ಉತ್ತರ ನಡಾವಳಿಯಲ್ಲಿಲ್ಲ, ಆದರೆ ಬಾಗಿಲಲ್ಲಿ ನಿಂತಿದ್ದ ನನ್ನ ಕಿವಿಗೆ ಬಿದ್ದಿತು: “ತಿದ್ದುಪಡಿ ನನ್ನದು, ಅದಕ್ಕೆ ಮತ ಕೊಡುತ್ತೇನೆ. ಸರ್ಕಾರ ನಿನ್ನದು, ಅದಕ್ಕೆ ಕೊಡುವುದಿಲ್ಲ.” ಮರುದಿನ ಹಾಗೆಯೇ ನಡೆಯಿತು. ತಿದ್ದುಪಡಿ ಸರ್ವಾನುಮತದಿಂದ ಗೆದ್ದಿತು. ಮುನಿದ ಮೂವರಿಗೆ ಮುನಿಯಲು ಕಾರಣವೇ ಉಳಿಯಲಿಲ್ಲ. ಆಯವ್ಯಯಕ್ಕೆ ಮಾತ್ರ ಒಂಬತ್ತು ವಿರೋಧ ಮತಗಳು ಅಚಲವಾಗಿ ಬಿದ್ದವು. ಗೌರವಾನ್ವಿತ ವೈರವೆಂದರೆ ಏನೆಂಬುದನ್ನು ನಾನು ಅಷ್ಟು ಸ್ಪಷ್ಟವಾಗಿ ಮತ್ತೆಲ್ಲಿಯೂ ಕಂಡಿಲ್ಲ.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಹಳೆಯ ಶಿಷ್ಯನೊಬ್ಬ ಇದನ್ನು ಕೇಳಿ, ತಾನೂ ಅಂತಹ ರಾಜ್ಯವೊಂದರ ಪ್ರಜೆಯೆಂದು ಹೇಳಿದ್ದನು. ಆಸ್ಟ್ರೇಲಿಯದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿಯವರು 2002ರಲ್ಲಿ ಆರಂಭಿಸಿದ ‘ನೇಷನ್‌ಸ್ಟೇಟ್ಸ್’ ಎಂಬ ಕಂಪ್ಯೂಟರ್ ಆಟದಲ್ಲಿ ಪ್ರತಿಯೊಬ್ಬನೂ ಒಂದು ದೇಶವನ್ನು ಕಟ್ಟುತ್ತಾನಂತೆ. ದೇಶಗಳು ಸೇರಿ ಪ್ರಾಂತಗಳಾಗುತ್ತವೆ. ನೆರೆಯ ದೇಶಗಳ ಸಮರ್ಥನೆಯನ್ನು ಅತಿ ಹೆಚ್ಚು ಗಳಿಸಿದವನು ಪ್ರಾಂತದ ಪ್ರತಿನಿಧಿಯಾಗುತ್ತಾನೆ. ಆ ಸ್ಥಾನವನ್ನು ರಾತ್ರೋರಾತ್ರಿ ಕಸಿದುಕೊಳ್ಳಲು ದಂಡೆತ್ತಿ ಬರುವವರೂ ಉಂಟು, ಅದನ್ನು ಕಾಯುವವರೂ ಉಂಟು. ಅಲ್ಲಿಯೂ ಏಳಿಗೆಯಿದೆ, ಈರ್ಷ್ಯೆಯಿದೆ, ಒಡಂಬಡಿಕೆಯಿದೆ. ಆದರೆ ಅಲ್ಲಿಯ ವೈರಿಗಳು ಒಬ್ಬರ ಮುಖವನ್ನೊಬ್ಬರು ನೋಡುವುದಿಲ್ಲ. ನಮ್ಮ ಮುಖ್ಯಮಂತ್ರಿಯೂ ವಿರೋಧ ಪಕ್ಷದ ನಾಯಕಿಯೂ ಸಂಜೆ ಒಂದೇ ಬಸ್ಸಿಗೆ ಕಾಯಬೇಕು, ಹೊಳೆ ಏರಿದ ದಿನ ಒಂದೇ ಜಗುಲಿಯಲ್ಲಿ ನಿಲ್ಲಬೇಕು. ಈ ಅನಿವಾರ್ಯ ಸಾಮೀಪ್ಯವು ನಾಲಿಗೆಗೆ ಹಾಕುವ ಕಡಿವಾಣವನ್ನು ಯಾವ ನಿಯಮಾವಳಿಯೂ ಹಾಕಲಾರದು. 1952ರ ಕೊಡಗಿನಲ್ಲಿಯೂ ಹೀಗೆಯೇ ಇದ್ದಿರಬೇಕು. ಮದುವೆ, ತಿಥಿ, ಊರಹಬ್ಬಗಳಲ್ಲಿ ಎದುರುಬದುರಾಗುವವರು ಸಭೆಯಲ್ಲಿ ಎಷ್ಟು ದೂರ ಹೋಗಿಯಾರು?

ಶಾಲಾವರ್ಷದ ಕೊನೆಗೆ ಉಳಿದದ್ದು ವಿಲೀನದ ಪ್ರಶ್ನೆ. ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ಸಲ್ಲಿಸಿದ ವರದಿಯನ್ನು ಮಕ್ಕಳಿಗೆ ಸಂಗ್ರಹವಾಗಿ ಓದಿ ಹೇಳಿದೆನು. ಆಗ ಮುಖ್ಯಮಂತ್ರಿಯಾದ ಹುಡುಗನಿಗೆ ಮೊದಲ ಬಾರಿಗೆ ಒಂದು ಸಂಗತಿ ಹೊಳೆದು ಮುಖ ಬಾಡಿತು: ವಿಲೀನದ ನಿರ್ಣಯ ಗೆದ್ದರೆ ತನ್ನ ರಾಜ್ಯವೇ ಇಲ್ಲ, ತನ್ನ ಪದವಿಯೇ ಇಲ್ಲ, ಆಟವೇ ಇಲ್ಲ. ಅವನು ನಿರ್ಣಯವನ್ನು ವಾರದಿಂದ ವಾರಕ್ಕೆ ಮುಂದೂಡಿದನು. ನಾನು ಒತ್ತಾಯಿಸಲಿಲ್ಲ. ಪೂಣಚ್ಚನವರ ಜೀವನದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ಘಟ್ಟವೂ ಇದೇ. ಅವರು ಮುಂದೆ ಮೈಸೂರಿನ ಮಂತ್ರಿಗಳಾದರು, ಕೇಂದ್ರದಲ್ಲಿ ರೈಲ್ವೆ ಖಾತೆಯನ್ನು ವಹಿಸಿದರು, ಮಧ್ಯಪ್ರದೇಶ ಮತ್ತು ಒಡಿಶಾಗಳ ರಾಜ್ಯಪಾಲರಾದರು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಆದರೆ 1956ರ ನವೆಂಬರ್ 1ರಂದು ತಾವು ಕುಳಿತಿದ್ದ ಆಸನವೇ ಇಲ್ಲವಾಗುವುದನ್ನು ಒಪ್ಪಿ ಎದ್ದ ಮುಖ್ಯಮಂತ್ರಿಗಳು ಅವರು. ವಿಲೀನವು ಸರಿಯಾದದ್ದೆಂದೇ ನನ್ನ ಮತ. ಅಷ್ಟು ಚಿಕ್ಕ ರಾಜ್ಯವು ತನ್ನ ಸ್ವಂತ ಆದಾಯದಿಂದ ಆಸ್ಪತ್ರೆ, ಕಾಲೇಜು, ಸೇತುವೆಗಳನ್ನು ಬಹುಕಾಲ ನಡೆಸಲಾರದಾಗಿತ್ತು. ಆದರೆ ದೊಡ್ಡ ರಾಜ್ಯದಲ್ಲಿ ನಮ್ಮ ಧ್ವನಿ ಕ್ಷೀಣಿಸೀತೆಂಬ ಬೆಳ್ಯಪ್ಪನವರ ಪಕ್ಷದ ಆತಂಕವೂ ಹುಸಿಯಾಗಲಿಲ್ಲ. ಅಂದು ಇಪ್ಪತ್ತನಾಲ್ವರನ್ನು ಆರಿಸಿದ ನಾಡು ಇಂದು ಮಡಿಕೇರಿ, ವಿರಾಜಪೇಟೆ ಎಂಬ ಎರಡೇ ಕ್ಷೇತ್ರಗಳಿಂದ ಇಬ್ಬರನ್ನು ಕಳುಹಿಸುತ್ತಿದೆ. ಸೋತವರ ವಾದವನ್ನು ಮರೆತ ಸಮಾಜವು ಗೆದ್ದವರ ತ್ಯಾಗವನ್ನೂ ಅರಿಯಲಾರದು ಎಂಬುದನ್ನು ನಾನು ಮಕ್ಕಳಿಗೆ ಪದೇ ಪದೇ ಹೇಳಿದ್ದೇನೆ.

ಕಟ್ಟಕಡೆಗೆ ಆ ಹುಡುಗ ನಿರ್ಣಯವನ್ನು ತಾನೇ ಮಂಡಿಸಿದನು. ಕೊರಳು ಎಂದಿನಂತೆ ಕಟ್ಟಿತು. ನಾಲ್ಕು ಮಾತಿನಲ್ಲಿ ಮುಗಿಸಿ ಕುಳಿತನು. ವಿರೋಧ ಪಕ್ಷದ ನಾಯಕಿ ದೀರ್ಘವಾಗಿ ಮಾತಾಡಿ, ತನ್ನ ಪಕ್ಷದ ಭಿನ್ನಮತವನ್ನು ಪೂರ್ಣಪಾಠವಾಗಿ ನಡಾವಳಿಯಲ್ಲಿ ಸೇರಿಸಬೇಕೆಂದು ಕೇಳಿದಳು. ಆ ಕೋರಿಕೆಯನ್ನು ಅನುಮೋದಿಸಲು ಎದ್ದವನು ಮುಖ್ಯಮಂತ್ರಿಯೇ. ನಿರ್ಣಯ ಗೆದ್ದಿತು, ರಾಜ್ಯ ಅಳಿಯಿತು, ಆಸನಗಳನ್ನು ಮತ್ತೆ ಗೋಡೆಯ ಬದಿಗೆ ಸರಿಸಲಾಯಿತು.

ಮರುವರ್ಷದ ಮಕ್ಕಳು 1952ರಿಂದ ಪ್ರಾರಂಭಿಸಲು ಒಪ್ಪಲಿಲ್ಲ. ಹಿಂದಿನವರು ಬಿಟ್ಟ ಕಡೆಯಿಂದಲೇ ಮುಂದುವರಿಯಬೇಕು, 1957ರ ಮೈಸೂರು ವಿಧಾನಸಭೆಯನ್ನೇ ನಡೆಸಬೇಕು ಎಂದು ಹಟ ಹಿಡಿದರು. ಆ ಸಭೆಗೆ 208 ಸದಸ್ಯರು; ನಮ್ಮ ಶಾಲೆಯಲ್ಲಿ ಅಷ್ಟು ಹಿರಿಯ ಮಕ್ಕಳೇ ಇರಲಿಲ್ಲ. ಒಬ್ಬೊಬ್ಬರೂ ಹಲವು ಕ್ಷೇತ್ರಗಳ ಮತಪತ್ರಗಳನ್ನು ಹಿಡಿದು ಕೂರುವುದೆಂದೂ, ಕೊಡಗನ್ನು ಪ್ರತಿನಿಧಿಸುವವರಿಗೆ ಮಾತ್ರ ತಮ್ಮ ತಮ್ಮ ಒಂದೇ ಮತವೆಂದೂ ಅವರೇ ಗೊತ್ತುಮಾಡಿದರು. ಆ ಒಂಟಿ ಮತದ ಸ್ಥಾನಕ್ಕೆ ಯಾರೂ ನಿಲ್ಲಲಾರರೆಂದು ನಾನು ಎಣಿಸಿದ್ದೆನು. ನಾಮಪತ್ರಗಳು ಅತ್ಯಧಿಕವಾಗಿ ಬಂದದ್ದು ಅದಕ್ಕೇ.