ಶಿಕ್ಷೆ ಕಡಿತ: ಸರ್ಕಾರಿ ಅಭಿಯೋಜಕರ ಪಾತ್ರ

• ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಐದೂ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿ ಅನ್ವಯಿಸುವುದು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ.

• ಈ ಸಂಹಿತೆಯ ಕಲಂ 18, 19: ಸರ್ಕಾರಿ ಅಭಿಯೋಜಕರು, ಸಹಾಯಕ ಸರ್ಕಾರಿ ಅಭಿಯೋಜಕರ ನೇಮಕ.

• ಕಲಂ 360: ತೀರ್ಪಿಗೆ ಮುನ್ನ, ನ್ಯಾಯಾಲಯದ ಸಮ್ಮತಿ ಪಡೆದು ಅಭಿಯೋಜಕರು ಪ್ರಕರಣ ಹಿಂಪಡೆಯಬಹುದು. ಆದ ಶಿಕ್ಷೆಯನ್ನು ತಗ್ಗಿಸುವ ಅಧಿಕಾರ ಅವರಿಗಿಲ್ಲ.

• ಕಲಂ 473 (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 432): ಶಿಕ್ಷೆ ಮಾಫಿ ಸರ್ಕಾರದ ಅಧಿಕಾರ, ನ್ಯಾಯಾಧೀಶರ ಅಭಿಪ್ರಾಯ ಕೇಳಬಹುದು.

• ಕಲಂ 475: ಮರಣದಂಡನೆಗೂ ಅವಕಾಶವಿರುವ ಅಪರಾಧದಲ್ಲಿ ಜೀವಾವಧಿ ಶಿಕ್ಷೆಯಾದರೆ ಕನಿಷ್ಠ 14 ವರ್ಷ ಸೆರೆವಾಸ.

• ಸಂವಿಧಾನದ 161ನೇ ವಿಧಿ: ರಾಜ್ಯಪಾಲರ ಕ್ಷಮಾದಾನ.

• ಹೋಲಿಕೆ: ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಜಿಲ್ಲಾ ಅಭಿಯೋಜಕರೇ ಹಳೆಯ ಶಿಕ್ಷೆಯ ಮರುಪರಿಶೀಲನೆ ಕೋರಬಹುದು, ನಿರ್ಧಾರ ನ್ಯಾಯಾಲಯದ್ದು.

ನೆನಪಿಡಿ: ಪ್ರಕರಣ ಹಿಂಪಡೆಯುವುದು ತೀರ್ಪಿಗೆ ಮುನ್ನ, ಮಾಫಿ ತೀರ್ಪಿನ ನಂತರ.