ರೋಬೋಟ್ ಜೋನ್ಸ್‌ನ ಮೊದಲ ದನಿ ಎಲ್ಲಿ ಹೋಯ್ತು?

ಹಾಸ್ಟೆಲಿನಲ್ಲಿ ಯಾರನ್ನಾದರೂ ಹಳೇ ಕಾರ್ಟೂನ್ ನೆಟ್‌ವರ್ಕ್ ಬಗ್ಗೆ ಕೇಳಿ ನೋಡಿ. ಡೆಕ್ಸ್ಟರ್, ಪವರ್‌ಪಫ್ ಗರ್ಲ್ಸ್, ಜಾನಿ ಬ್ರಾವೊ, ಕರೇಜ್ ಅಂತ ಪಟಪಟ ಹೇಳ್ತಾರೆ. 'ವಾಟೆವರ್ ಹ್ಯಾಪನ್ಡ್ ಟು ರೋಬೋಟ್ ಜೋನ್ಸ್?' ಅಂದ್ರೆ ಮಾತ್ರ ಎಲ್ಲರೂ ಗಪ್‌ಚುಪ್. 'ರೋಬೋಟ್ ಜೋನ್ಸ್‌ಗೆ ಏನಾಯ್ತು?' ಅಂತ ಹೆಸರಿನಲ್ಲೇ ಪ್ರಶ್ನೆ ಇದೆ. ನಾವು ಈ ಸಲ ಅದನ್ನೇ ಬಿಡಿಸಿ ನೋಡೋಣ.

ಕಾರ್ಟೂನ್ ನೆಟ್‌ವರ್ಕ್ 1992ರಲ್ಲಿ ಅಮೆರಿಕದಲ್ಲಿ ಶುರುವಾದಾಗ ಅದರ ಕೈಲಿದ್ದದ್ದು ಬಹುತೇಕ ಬೇರೆಯವರು ಮಾಡಿದ ಹಳೇ ಕಾರ್ಟೂನ್‌ಗಳು. 1995ರಲ್ಲಿ 'ವಾಟ್ ಎ ಕಾರ್ಟೂನ್!' ಅಂತ ಕಿರುಚಿತ್ರಗಳ ಸಾಲು ತಂದು ಹೊಸಬರಿಗೆ ಅವಕಾಶ ಕೊಟ್ಟರು. ನಮಗೆಲ್ಲ ಗೊತ್ತಿರೋ ಡೆಕ್ಸ್ಟರ್, ಕರೇಜ್ ಹುಟ್ಟಿದ್ದು ಅಲ್ಲೇ. ಅವು ಗೆದ್ದ ಮೇಲೆ ಚಾನೆಲ್ ಇನ್ನಷ್ಟು ಸ್ವಂತ ಸರಣಿ ಮಾಡಿಸಿತು. ಎಲ್ಲವೂ ಓಡಲಿಲ್ಲ.

ಓಡದವುಗಳಲ್ಲಿ ಒಂದು ಮೊ ವಿಲೆಮ್ಸ್ ಅವರ 'ಶೀಪ್ ಇನ್ ದ ಬಿಗ್ ಸಿಟಿ' (2000–2002). ಕುರಿಯಿಂದ ಓಡುವ ರೇ ಗನ್ ಒಂದು ಸೇನೆಯ ಬಳಿ ಇದೆ, ಅದಕ್ಕೆ ಬೇಕಾದ ಕುರಿ ಊರಿಗೆ ಓಡಿಹೋಗಿದೆ. ಹಿಂದೆ ಬಿದ್ದವನ ಹೆಸರು ಜನರಲ್ ಸ್ಪೆಸಿಫಿಕ್! ಸ್ಪೆಸಿಫಿಕೇಶನ್ ಶೀಟಿನಲ್ಲಿ 'ಒಂದು ಜೀವಂತ ಕುರಿ' ಅಂತ ಬರೆದ ಎಂಜಿನಿಯರ್ ಯಾರೋ ನಮಗಂತೂ ತುಂಬಾ ಹತ್ತಿರದವನು ಅನ್ನಿಸ್ತಾನೆ. ಒಟ್ಟು 26 ಎಪಿಸೋಡ್ ಆಗಿ ನಿಂತಿತು. ವಿಲೆಮ್ಸ್ ಆಮೇಲೆ ಮಕ್ಕಳ ಪುಸ್ತಕಗಳಿಂದ ಹೆಸರುವಾಸಿಯಾದರು.

ಇನ್ನೊಂದು ನಮ್ಮ ರೋಬೋಟ್. ಗ್ರೆಗ್ ಮಿಲ್ಲರ್ ಮಾಡಿದ್ದು, 2002ರಲ್ಲಿ ಬಂತು. 1980ರ ದಶಕದಂಥ ಒಂದು ಕಾಲದಲ್ಲಿ ಮನುಷ್ಯ ಮಕ್ಕಳ ಸ್ಕೂಲಿಗೆ ಸೇರಿದ ರೋಬೋಟ್ ಹುಡುಗನ ಕಥೆ. ಮೊದಲ ಸೀಸನ್ನಿನಲ್ಲಿ ಅವನ ದನಿ ಯಾವ ನಟನದ್ದೂ ಅಲ್ಲ, ಮ್ಯಾಕಿಂತೋಷ್ ಕಂಪ್ಯೂಟರಿನ ಟೆಕ್ಸ್ಟ್-ಟು-ಸ್ಪೀಚ್. ಸಪ್ಪೆ, ಏರಿಳಿತವಿಲ್ಲ, ಬೇಕಾದ ಕಡೆ ಒತ್ತು ಬೀಳಲ್ಲ. ಕ್ಲಾಸಿನಲ್ಲಿ ಯಾರ ಜೊತೆಗೂ ಹೊಂದದ ಹುಡುಗನಿಗೆ ಅದಕ್ಕಿಂತ ಸರಿಯಾದ ದನಿ ಇಲ್ಲ ಅಂತ ನಮ್ಮ ಅಭಿಪ್ರಾಯ. ಎರಡನೇ ಸೀಸನ್ನಿಗೆ ಒಬ್ಬ ಬಾಲನಟನ ದನಿ ಹಾಕಿದರು. ಅಲ್ಲಿಗೇ ನಿಲ್ಲದೆ ಮೊದಲ ಸೀಸನ್ನಿನ ಮರುಪ್ರಸಾರಕ್ಕೂ ಹೊಸ ದನಿ ಡಬ್ ಮಾಡಿದರು. ಒಟ್ಟು 13 ಎಪಿಸೋಡ್, 2003ಕ್ಕೆ ಮುಗೀತು. ಹೀಗಾಗಿ ಮೂಲ ದನಿ ಉಳಿದದ್ದು ಮುಖ್ಯವಾಗಿ ಆಗ ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಜನರ ಮನೆಗಳಲ್ಲಿ. ಈ ಎರಡು ಸರಣಿಗಳಿಗೂ ಪೂರ್ತಿ ಡಿವಿಡಿ ಬರಲೇ ಇಲ್ಲ.

ಚಾನೆಲಿಗೆ ಇವುಗಳ ಮೇಲೆ ಸಿಟ್ಟೇನಿಲ್ಲ. ದಿನಕ್ಕೆ ಇರೋದು 24 ಗಂಟೆ, ಜಾಹೀರಾತು ಬರೋದು ನೋಡುವವರ ಲೆಕ್ಕದ ಮೇಲೆ. ಹಾಗಾಗಿ ಗೆದ್ದ ಕುದುರೆಯನ್ನೇ ಮತ್ತೆ ಮತ್ತೆ ಓಡಿಸ್ತಾರೆ. ಅದು ಅರ್ಥವಾಗುತ್ತೆ. ಆದರೆ ಸ್ಟ್ರೀಮಿಂಗ್ ಬಂದ ಮೇಲೆ ಸಮಯದ ಕೊರತೆ ಅನ್ನೋ ಮಾತು ನಿಲ್ಲಲ್ಲ, ಸರ್ವರಿನಲ್ಲಿ ಜಾಗ ಅಗ್ಗ. ಹಾಗಿದ್ದೂ ಯಾಕೆ ಇಲ್ಲ?

ಒಂದು ಕಾರಣ ಲೆಕ್ಕಪತ್ರದ್ದು. ಸ್ಟ್ರೀಮಿಂಗಿನಲ್ಲಿ ಇಟ್ಟರೆ ನಟರು, ಬರಹಗಾರರಿಗೆ ಒಪ್ಪಂದದ ಪ್ರಕಾರ ದುಡ್ಡು ಕೊಡುತ್ತಾ ಇರಬೇಕಾಗಬಹುದು. ಇನ್ನು ಸರಣಿ ಕಂಪನಿಯ ಪುಸ್ತಕದಲ್ಲಿ ಒಂದು ಆಸ್ತಿ. ಅದರ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತೆ. ಇನ್ನು ಇದನ್ನು ಬಳಸಲ್ಲ ಅಂತ ತೆಗೆದುಹಾಕಿದರೆ ಉಳಿದ ಬೆಲೆಯನ್ನು ನಷ್ಟ ಅಂತ ತೋರಿಸಬಹುದು, ತೆರಿಗೆ ಕಮ್ಮಿಯಾಗುತ್ತೆ. 2022ರ ಏಪ್ರಿಲ್‌ನಲ್ಲಿ ವಾರ್ನರ್ ಬ್ರದರ್ಸ್ ಡಿಸ್ಕವರಿ ಕಂಪನಿ ಹುಟ್ಟಿತು. ಅದೇ ಆಗಸ್ಟ್‌ನಲ್ಲಿ ಎಚ್‌ಬಿಒ ಮ್ಯಾಕ್ಸ್‌ನಿಂದ ಹತ್ತಾರು ಕಾರ್ಯಕ್ರಮ ತೆಗೆದರು. ಅದರಲ್ಲಿ ಓವನ್ ಡೆನ್ನಿಸ್ ಅವರ 'ಇನ್ಫಿನಿಟಿ ಟ್ರೇನ್' ಕೂಡ ಇತ್ತು. ಅದು ಶುರುವಾಗಿ ಮೂರೇ ವರ್ಷ ಆಗಿತ್ತು! 'ಹಳೇದು' ಅನ್ನೋ ಪದದ ಅರ್ಥವೇ ಬದಲಾಗಿದೆ.

ಇನ್ನೊಂದು ಕಾರಣ ನಮ್ಮ ಸಿಲೆಬಸ್ಸಿನದ್ದು. ಸೆಲ್ ಹಾಳೆ ಮೇಲೆ ಬಣ್ಣ ಹಚ್ಚಿ ಫಿಲ್ಮಿನಲ್ಲಿ ಚಿತ್ರೀಕರಿಸಿದ ಕಾರ್ಟೂನಿನ ಫಿಲ್ಮ್ ಉಳಿದಿದ್ದರೆ ಇವತ್ತು ಮತ್ತೆ ಸ್ಕ್ಯಾನ್ ಮಾಡಿ ಎಚ್‌ಡಿ ಮಾಡಬಹುದು. ಆದರೆ 2000ದ ಆಸುಪಾಸಿನಲ್ಲಿ ಸ್ಟುಡಿಯೋಗಳು ಕಂಪ್ಯೂಟರಿನಲ್ಲೇ ಬಣ್ಣ ತುಂಬೋಕೆ ಶುರುಮಾಡಿದವು. ಅಮೆರಿಕದ ಆಗಿನ ಟಿವಿಗೆ ಬೇಕಿದ್ದದ್ದು 720×480. ಅಷ್ಟಕ್ಕೇ ರೆಂಡರ್ ಮಾಡಿದ್ದರೆ ಒಂದು ಫ್ರೇಮಿಗೆ 3,45,600 ಪಿಕ್ಸೆಲ್. ಫುಲ್ ಎಚ್‌ಡಿಗೆ ಬೇಕಾದದ್ದು 20,73,600, ಅಂದ್ರೆ ಸರಿಯಾಗಿ ಆರು ಪಟ್ಟು. ಸಿಗ್ನಲ್ಸ್ ಪಾಠದಲ್ಲಿ ಓದಿದ ಹಾಗೆ, ಸ್ಯಾಂಪಲ್ ಮಾಡುವಾಗಲೇ ಬಿಟ್ಟುಹೋದ ಮಾಹಿತಿ ಆಮೇಲೆ ಸಿಗಲ್ಲ. ಅಪ್‌ಸ್ಕೇಲ್ ಮಾಡಿದರೆ ಬರೋದು ಊಹೆ. ವಿಚಿತ್ರ ನೋಡಿ, ಟೆಕ್ನಾಲಜಿಯಲ್ಲಿ ಹಿಂದಿದ್ದ ಕಾರ್ಟೂನೇ ಈಗ ಚೆಂದ ಕಾಣುತ್ತೆ.

ಹಾಗಂತ 720×480 ನೋಡೋಕಾಗದ ಗುಣಮಟ್ಟವೇನಲ್ಲ, ನಾವು ಮೊಬೈಲಿನಲ್ಲಿ ದಿನಾ ಅದಕ್ಕಿಂತ ಕೆಟ್ಟದ್ದನ್ನು ನೋಡ್ತೀವಿ. ಜಾಹೀರಾತು ಹಾಕಿ ಯೂಟ್ಯೂಬಿಗೆ ಬಿಟ್ಟರೂ ಸಾಕು. ಕಂಪನಿ ಬಿಡಲ್ಲ, ಬೇರೆಯವರು ಬಿಡುವ ಹಾಗಿಲ್ಲ. ಅಮೆರಿಕದಲ್ಲಿ ಕಂಪನಿ ಮಾಡಿಸಿದ ಇಂಥ ಕೃತಿಯ ಕಾಪಿರೈಟ್ ಪ್ರಕಟವಾದಾಗಿನಿಂದ 95 ವರ್ಷ. 2002ರ ಎಪಿಸೋಡ್‌ಗಳು ಎಲ್ಲರದ್ದಾಗೋದು 2098ರ ಜನವರಿ 1ಕ್ಕೆ. ಆ ಕಾಲದ ಟಿವಿ ಮಾಸ್ಟರ್‌ಗಳು ಹೆಚ್ಚಾಗಿ ಇರುತ್ತಿದ್ದದ್ದು ಡಿಜಿಟಲ್ ಬೀಟಾಕ್ಯಾಮ್‌ನಂಥ ಟೇಪುಗಳಲ್ಲಿ. ಆ ಟೇಪು ಓದುವ ಡೆಕ್‌ಗಳನ್ನು ಮಾರುವುದನ್ನು ಸೋನಿ 2016ರಲ್ಲೇ ನಿಲ್ಲಿಸಿದೆ.