ಲಸಿಕೆಯ ನಂತರ ಮರಿಗಳ ಸೀನು: ಹೆದರಬೇಕೆ?

ಮಾಂಸದ ಕೋಳಿಮರಿಗಳಿಗೆ ಮೊದಲ ವಾರದಲ್ಲಿ ಕೊಕ್ಕರೆ ರೋಗದ (ರಾಣಿಖೇತ್ ರೋಗ) ಲಸಿಕೆ ಹಾಕಿದ ಮೂರು ನಾಲ್ಕು ದಿನಗಳಿಗೆ ಕೋಳಿಮನೆಯಲ್ಲಿ ಸಣ್ಣ ಸೀನು ಕೇಳಿಬರುವುದುಂಟು. ಲಸಿಕೆಯೇ ರೋಗ ತಂದಿತೆಂದು ಕೆಲವರು ಮುಂದಿನ ಲಸಿಕೆಯನ್ನೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಸೀನು ವಾರ ದಾಟಿದರೂ ಸುಮ್ಮನಿದ್ದು ಮರಿಗಳನ್ನು ಕಳೆದುಕೊಳ್ಳುತ್ತಾರೆ. ಎರಡೂ ನಷ್ಟದ ದಾರಿಗಳೇ.

ಶ್ವಾಸನಾಳದಲ್ಲಿ ನಡೆಯುವುದೇನು?

ಕೋಳಿಯ ಶ್ವಾಸನಾಳದ ಒಳಪೊರೆಯಲ್ಲಿ ಬರಿಗಣ್ಣಿಗೆ ಕಾಣದ ನವಿರಾದ ರೋಮಗಳಿವೆ. ಉಸಿರಿನೊಡನೆ ಬಂದ ಧೂಳು, ರೋಗಾಣುಗಳು ಲೋಳೆಗೆ ಅಂಟಿಕೊಳ್ಳುತ್ತವೆ. ರೋಮಗಳು ಸದಾ ಬಡಿಯುತ್ತ ಆ ಲೋಳೆಯನ್ನು ಗಂಟಲಿನತ್ತ ತಳ್ಳುತ್ತವೆ.

ಎಫ್-1, ಲಸೋಟ ಇವು ಜೀವಂತ ಲಸಿಕೆಗಳು. ಇವುಗಳಲ್ಲಿನ ಸೌಮ್ಯ ವೈರಸ್ ಒಳಪೊರೆಯ ಜೀವಕೋಶಗಳಲ್ಲಿ ವೃದ್ಧಿಯಾಗಿ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ. ಆಗ ಕೆಲವು ಜೀವಕೋಶಗಳು ಸಾಯುತ್ತವೆ, ಅಲ್ಲಲ್ಲಿ ರೋಮಗಳು ಉದುರುತ್ತವೆ, ಲೋಳೆ ಹೆಚ್ಚುತ್ತದೆ, ಒಳಪೊರೆ ಊದಿಕೊಂಡು ಬಿಳಿ ರಕ್ತಕಣಗಳು ಅಲ್ಲಿ ಸೇರುತ್ತವೆ. ಸೀನಿಗೆ ಇದೇ ಕಾರಣ. ಆರೋಗ್ಯವಂತ ಮರಿಗಳಲ್ಲಿ ಇದು ಕೆಲವೇ ದಿನಗಳಲ್ಲಿ ತಾನಾಗಿ ನಿಂತು, ಒಳಪೊರೆ ಮತ್ತೆ ಬೆಳೆಯುತ್ತದೆ. ಸಾಂಕ್ರಾಮಿಕ ಬ್ರಾಂಕೈಟಿಸ್ ರೋಗದ ಜೀವಂತ ಲಸಿಕೆಯಿಂದಲೂ ಹೀಗೆಯೇ ಆಗುತ್ತದೆ.

ಅಪಾಯ ಯಾವಾಗ?

ರೋಮ ಉದುರಿದ ಶ್ವಾಸನಾಳ ಬೇಲಿ ಕಿತ್ತ ಹೊಲವಿದ್ದಂತೆ. ಒದ್ದೆ ಹಾಸಿನಿಂದ ಏಳುವ ಅಮೋನಿಯ ಅನಿಲವೂ ರೋಮಗಳನ್ನು ಕೆಡಿಸುತ್ತದೆ. ಆಗ ಧೂಳಿನೊಡನೆ ಬಂದ ಇ. ಕೋಲೈ ರೋಗಾಣು ಗಾಳಿಚೀಲಗಳವರೆಗೆ ಇಳಿಯುತ್ತದೆ. ಮರಿಗಳಲ್ಲಿ ಮೈಕೋಪ್ಲಾಸ್ಮ ಸೋಂಕು ಮೊದಲೇ ಇದ್ದರೆ ಹಾನಿ ಇನ್ನೂ ಹೆಚ್ಚು. ಸತ್ತ ಮರಿಯನ್ನು ಕೊಯ್ದು ನೋಡಿದರೆ ಗಾಳಿಚೀಲಗಳು ಮಬ್ಬಾಗಿ, ಹಳದಿ ಗಿಣ್ಣಿನಂಥ ವಸ್ತು ಕಾಣುತ್ತದೆ. ಹೃದಯ ಮತ್ತು ಪಿತ್ತಜನಕಾಂಗದ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ.

ಕೆಲವು ಮರಿಗಳಿಗೆ ಲಸಿಕೆ ತಪ್ಪಿದರೂ ತೊಂದರೆಯೇ. ಲಸಿಕೆಯ ವೈರಸ್ ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಹರಡಿ ಸೀನು ವಾರಗಟ್ಟಲೆ ಎಳೆಯುತ್ತದೆ. ಮೇವು ತಿಂದರೂ ತೂಕ ಬಾರದು.

ಅನುಸರಿಸಬೇಕಾದ ಕ್ರಮಗಳು

1. 5ರಿಂದ 7ನೇ ದಿನದೊಳಗೆ ಪ್ರತಿ ಮರಿಯ ಕಣ್ಣು ಅಥವಾ ಮೂಗಿಗೆ ಒಂದು ಹನಿ ಬಿಡಬೇಕು. ಹನಿ ಒಳಗೆ ಇಳಿದ ಮೇಲೆಯೇ ಮರಿಯನ್ನು ಕೈಬಿಡಬೇಕು.

2. ಲಸೋಟ ಲಸಿಕೆ ಎಫ್-1ಕ್ಕಿಂತ ಚುರುಕು. ಮೊದಲು ಎಫ್-1, ನಾಲ್ಕನೇ ವಾರದ ಹೊತ್ತಿಗೆ ಲಸೋಟ ಎಂಬ ಕ್ರಮ ಒಳ್ಳೆಯದು. ಆರ್2ಬಿ ಲಸಿಕೆಯನ್ನು ಎಳೆ ಮರಿಗಳಿಗೆ ಎಂದೂ ಹಾಕಬಾರದು.

3. ಕುಡಿಯುವ ನೀರಿನಲ್ಲಿ ಕೊಡುವಾಗ ಕ್ಲೋರಿನ್ ಇಲ್ಲದ 10 ಲೀಟರ್ ನೀರಿಗೆ 25 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಬೆರೆಸಬೇಕು. ಎಲ್ಲ ಮರಿಗಳೂ ಒಂದೆರಡು ಗಂಟೆಯೊಳಗೆ ಕುಡಿದು ಮುಗಿಸುವಂತಿರಬೇಕು.

4. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು.

5. ಮರಿಗಳ ಎತ್ತರಕ್ಕೆ ಕುಳಿತು ಮೂಸಿ ನೋಡಬೇಕು. ಕಣ್ಣು ಉರಿದರೆ ಅಮೋನಿಯ ಮಿತಿ ಮೀರಿದೆ ಎಂದೇ ತಿಳಿಯಬೇಕು. ಒದ್ದೆ ಹಾಸನ್ನು ತೆಗೆದು ಒಣ ಹೊಟ್ಟು ಹರಡಿ, ಪರದೆ ಸರಿಸಿ ಗಾಳಿ ಆಡಲು ಬಿಡಬೇಕು.

6. ಮರಿಗಳಿಗೆ ಕಾಯಿಲೆಯಿದ್ದಾಗ ಲಸಿಕೆ ಹಾಕಬಾರದು.

ಸೀನು ಒಂದು ವಾರ ದಾಟಿದರೆ, ಮರಿಗಳು ಬಾಯಿ ತೆರೆದು ಉಸಿರಾಡಿದರೆ, ಮೇವು ಬಿಟ್ಟರೆ ಅಥವಾ ಸಾವು ಹೆಚ್ಚಿದರೆ ಆಗಷ್ಟೇ ಸತ್ತ ಮರಿಗಳನ್ನು ಪಶುವೈದ್ಯರಿಗೆ ತೋರಿಸಬೇಕು. ಔಷಧ ಅವರ ಸಲಹೆಯಂತೆಯೇ ಆಗಬೇಕು. ಪ್ರತಿಜೀವಕ ಔಷಧಗಳು ವೈರಸ್ಸನ್ನು ಕೊಲ್ಲಲಾರವು.

ಲಸಿಕೆ ನಿಲ್ಲಿಸುವುದಂತೂ ಪರಿಹಾರವಲ್ಲ. ಕೊಕ್ಕರೆ ರೋಗ ಉಗ್ರವಾಗಿ ಬಂದರೆ ಲಸಿಕೆಯಿಲ್ಲದ ಹಿಂಡಿನಲ್ಲಿ ಉಳಿಯುವ ಕೋಳಿಗಳೇ ವಿರಳ. ನಾಲ್ಕು ದಿನದ ಸೀನು ಅದಕ್ಕಿಂತ ಬಹಳ ಅಗ್ಗದ ಬೆಲೆ. ಅದು ನಾಲ್ಕೇ ದಿನಕ್ಕೆ ಮುಗಿಯುವಂತೆ ಮಾಡುವುದು ಒಣ ಹಾಸು ಮತ್ತು ಒಳ್ಳೆಯ ಗಾಳಿ.